ತೂಕದ ಮಷಿನ್, ಎನರ್ಜಿ ಮೀಟರ್, ಇಎಸ್‌ಪಿ32: ಮೂರು ಬಗೆಯ ಸೀರಿಯಲ್ ಲೈನ್ ಕೂಡಿಸಿದ್ದು

ತೂಕದ ಮಷಿನ್ನಿನ ಹಿಂದೆ ಒಂಬತ್ತು ಪಿನ್ನಿನ ಆರ್‌ಎಸ್-232 ಪೋರ್ಟ್. ಎನರ್ಜಿ ಮೀಟರಿನಲ್ಲಿ ಎ, ಬಿ ಎಂಬ ಎರಡು ಸ್ಕ್ರೂಗಳ ಆರ್‌ಎಸ್-485. ಎರಡರ ರೀಡಿಂಗೂ ಒಂದೇ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಬರಬೇಕು. ಮೂರನ್ನೂ 9600 ಬಾಡ್ (ಸೆಕೆಂಡಿಗೆ 9600 ಬಿಟ್), 8ಎನ್1ಕ್ಕೆ (8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್) ಇಟ್ಟರೆ ಕಳಿಸುವ ಬಿಟ್‌ಗಳ ಸಾಲು ಒಂದೇ. ಬೇರೆಯಾಗುವುದು ತಂತಿಯ ಮೇಲಿನ ವೋಲ್ಟೇಜ್. ಆದ್ದರಿಂದ ಮೊದಲ ಕೆಲಸ ಕೋಡಿನದಲ್ಲ, ಮಲ್ಟಿಮೀಟರಿನದು.

ತೂಕದ ಮಷಿನ್ ಆನ್ ಮಾಡಿ 2 ಮತ್ತು 5, ಆಮೇಲೆ 3 ಮತ್ತು 5ನೇ ಪಿನ್ ನಡುವೆ ಡಿಸಿ ವೋಲ್ಟೇಜ್ ನೋಡಿ. 5 ಗ್ರೌಂಡ್. ಯಾವುದರಲ್ಲಿ ಮೈನಸ್ 5ರಿಂದ ಮೈನಸ್ 12 ಬರುತ್ತದೋ ಅದೇ ಮಷಿನ್ನಿನ ಟಿಎಕ್ಸ್, ಅಂದರೆ ಡೇಟಾ ಕಳಿಸುವ ಪಿನ್. ಕೇಬಲ್ ನೇರವೋ ಕ್ರಾಸೋ ಎಂಬ ಗೊಂದಲ ಇಲ್ಲಿಗೇ ಮುಗಿಯಿತು. ಈ ತಂತಿಯನ್ನು ಇಎಸ್‌ಪಿ32ಕ್ಕೆ ನೇರ ಕೊಟ್ಟರೆ ಪಿನ್ ಹೋಗುತ್ತದೆ. ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದರೂ ಸಾಲದು: ಆರ್‌ಎಸ್-232ರಲ್ಲಿ 1 ಎಂದರೆ ಮೈನಸ್, 0 ಎಂದರೆ ಪ್ಲಸ್. ಇಎಸ್‌ಪಿ32 ಬಳಸುವ ಟಿಟಿಎಲ್‌ಗೆ (0 ಮತ್ತು 3.3 ವೋಲ್ಟಿನ ಲೈನ್) ಅದು ತಲೆಕೆಳಗು, ಬರುವುದೆಲ್ಲ ಕಸ.

ಅದಕ್ಕೇ ನಾನು ಹಾಕಿದ್ದು ಆರ್‌ಎಸ್-232ನ್ನು ಟಿಟಿಎಲ್‌ಗೆ ಬದಲಿಸುವ ಮ್ಯಾಕ್ಸ್3232 ಚಿಪ್, 3.3 ವೋಲ್ಟ್ ಸಪ್ಲೈ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಐದು. ಹಳೆಯ ಮ್ಯಾಕ್ಸ್232 ಬೇಡ. ಅದು 5 ವೋಲ್ಟಿನ ಚಿಪ್. ಚಿಪ್ಪಿನ 2ನೇ ಪಿನ್ನಿನಲ್ಲಿ ಸುಮಾರು +5.5, 6ರಲ್ಲಿ −5.5 ಬರಬೇಕು. 6ರಲ್ಲಿ ಸೊನ್ನೆ ಬಂದರೆ ಕೆಪಾಸಿಟರಿನ ಬೆಸುಗೆ ನೋಡಿ. ರೆಡಿ ಮಾಡ್ಯೂಲ್‌ಗಳಲ್ಲಿ ಟಿಎಕ್ಸ್, ಆರ್‌ಎಕ್ಸ್ ಹೆಸರು ನಂಬುವಂತಿಲ್ಲ. ಟಿಟಿಎಲ್ ಕಡೆಯ ಎರಡೂ ತಂತಿಗೆ 1 ಕಿಲೋಓಮ್ ಸೀರೀಸ್ ಹಾಕಿಟ್ಟರೆ ಧೈರ್ಯವಾಗಿ ಅದಲುಬದಲು ಮಾಡಬಹುದು. ಬೋರ್ಡಿನ ಸೀರಿಯಲ್ ಪೋರ್ಟುಗಳಲ್ಲಿ ಒಂದಾದ ಯುಆರ್ಟ್1ನ್ನು 25, 26ನೇ ಪಿನ್ನಿಗೆ ತಿರುಗಿಸಿದೆ. ಅದರ ಮೂಲ ಪಿನ್‌ಗಳು ಫ್ಲ್ಯಾಶ್ ಮೆಮೊರಿಯವು.

ಮೀಟರಿಗೆ ಆರ್‌ಎಸ್-485ರ 3.3 ವೋಲ್ಟ್ ಚಿಪ್ ಮ್ಯಾಕ್ಸ್3485. ಅಗ್ಗದ ಮ್ಯಾಕ್ಸ್485 ಮಾಡ್ಯೂಲಿನ ಆರ್‌ಓ (ಲೈನಿನಿಂದ ಬಂದ ಡೇಟಾ ಬೋರ್ಡಿಗೆ ಕೊಡುವ ಪಿನ್) 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32ಕ್ಕೆ ಅದು ತಕ್ಕದ್ದಲ್ಲ. ಆರ್‌ಓ 16ಕ್ಕೆ, ಡಿಐ (ಕಳಿಸುವ ಡೇಟಾ ಪಡೆಯುವ ಪಿನ್) 17ಕ್ಕೆ, ಡಿಇ (ಕಳಿಸುವುದನ್ನು ಆನ್ ಮಾಡುವ ಪಿನ್) ಮತ್ತು ಆರ್‌ಇ (ಕೇಳುವುದನ್ನು ಆನ್ ಮಾಡುವ ಪಿನ್) ಎರಡನ್ನೂ ಸೇರಿಸಿ 4ಕ್ಕೆ. (ಇಎಸ್‌ಪಿ32ರದೇ ಇನ್ನೊಂದು ಬಗೆಯಾದ ವ್ರೋವರ್ ಮಾಡ್ಯೂಲಿನಲ್ಲಿ 16, 17 ಸಿಗುವುದಿಲ್ಲ, ಅಲ್ಲಿ ಹೆಚ್ಚುವರಿ ಮೆಮೊರಿಯಾದ ಪಿಎಸ್‌ರ್‍ಯಾಮ್ ಕೂತಿದೆ.) ಲೈನಿನ ಎರಡು ತುದಿಗೆ ಮಾತ್ರ 120 ಓಮ್ ರೆಸಿಸ್ಟರ್. ಎಲ್ಲ ಆಫ್ ಮಾಡಿ ಎ–ಬಿ ನಡುವೆ ಅಳೆದರೆ 60 ಓಮ್ ಆಸುಪಾಸು ಬರಬೇಕು. 40 ಬಂದರೆ ನಡುವೆ ಎಲ್ಲೋ ಮೂರನೆಯದು ಉಳಿದಿದೆ.

ಯಾರೂ ಮಾತಾಡದಿರುವಾಗ ಲೈನ್ ತೇಲದಂತೆ ಎ ತಂತಿಗೆ 3.3 ವೋಲ್ಟಿನಿಂದ 390 ಓಮ್, ಬಿಯಿಂದ ಗ್ರೌಂಡಿಗೆ 390 ಓಮ್. 60 ಓಮ್ ಮೇಲೆ ಸುಮಾರು 235 ಮಿಲಿವೋಲ್ಟ್ ನಿಲ್ಲುತ್ತದೆ, ಬೇಕಾದದ್ದು 200. ಎಲ್ಲರೂ ಬರೆಯುವ 680 ಓಮ್ 5 ವೋಲ್ಟಿನ ಲೆಕ್ಕದ್ದು, ಇಲ್ಲಿ ಸಾಲದು. ಎರಡೇ ತಂತಿ ಸಾಕೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎರಡು ಕಡೆಯ ಗ್ರೌಂಡುಗಳ ವ್ಯತ್ಯಾಸದಿಂದ ಎ, ಬಿ ವೋಲ್ಟೇಜ್ −7ರಿಂದ +12ರ ಮಿತಿ ದಾಟಿದರೆ ಚಿಪ್ ಸಾಯುತ್ತದೆ. ಮೀಟರಿನಲ್ಲಿ ಸಿಗ್ನಲ್ ಗ್ರೌಂಡ್ ಟರ್ಮಿನಲ್ ಇದ್ದರೆ ಮೂರನೇ ತಂತಿ ಎಳೆಯಿರಿ.

ಮೀಟರ್ ಉತ್ತರವನ್ನೇ ಕೊಡದಿದ್ದರೆ ಮೊದಲು ಎ, ಬಿ ಅದಲುಬದಲು ಮಾಡಿ. ಕಂಪನಿಗಳು ಈ ಹೆಸರನ್ನು ತಿರುವುಮುರುವಾಗಿ ಬಳಸುತ್ತವೆ, ಬದಲಿಸಿದರೆ ಏನೂ ಸುಡುವುದಿಲ್ಲ. ಆಮೇಲೂ ಮೌನವಾದರೆ ಡಿಇ ನೋಡಿ. ಎಂಟು ಬೈಟಿನ ಮಾಡ್‌ಬಸ್ (ಮೀಟರ್ ಮಾತಾಡುವ ಪ್ರೋಟೋಕಾಲ್) ಪ್ರಶ್ನೆ 9600ರಲ್ಲಿ ಹೊರಹೋಗಲು 8.3 ಮಿಲಿಸೆಕೆಂಡ್ ಬೇಕು. ರೈಟ್ ಫಂಕ್ಷನ್ ಅದನ್ನು ಬಫರಿಗೆ ಹಾಕಿ ತಕ್ಷಣ ಮರಳುತ್ತದೆ. ಆಗಲೇ ಡಿಇ ಇಳಿಸಿದರೆ ಪ್ರಶ್ನೆ ಲೈನಿಗೆ ಬರುವುದೇ ಇಲ್ಲ. ಫ್ಲಶ್ (ಬಫರ್ ಖಾಲಿಯಾಗುವ ತನಕ ಕಾಯುವ ಫಂಕ್ಷನ್) ಕರೆದು, ಅದು ಮುಗಿದ ಮೇಲೆ ಡಿಇ ಇಳಿಸಿ.