ಯುಡಿಪಿ ಲಾಗ್ ಕಾಣೆಯಾಗುತ್ತಿದೆಯೇ? ಮೊದಲು ಯಾವ ಬಫರ್ ತುಂಬಿದೆ ನೋಡಿ

ಉಡುಪಿ, ಕುಂದಾಪುರ, ಕಾರ್ಕಳದ ಶಾಖೆಗಳ ರೂಟರ್‌ಗಳು ಮಂಗಳೂರಿನ ಒಂದು ಲಿನಕ್ಸ್ ಸರ್ವರಿಗೆ ಯುಡಿಪಿಯಲ್ಲಿ (ತಲುಪಿತೇ ಎಂದು ಖಾತ್ರಿ ಮಾಡಿಕೊಳ್ಳದೆ ಕಳಿಸುವ ಕ್ರಮ) ಲಾಗ್, ಅಂದರೆ ಏನಾಯಿತು ಎಂಬ ದಾಖಲೆಯ ಸಾಲುಗಳನ್ನು, ಕಳಿಸುತ್ತಿವೆ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಕಳಿಸತೊಡಗುತ್ತವೆ, ಲಾಗಿನಲ್ಲಿ ನಡುನಡುವೆ ಸಾಲುಗಳೇ ಇರುವುದಿಲ್ಲ. ಲೈನ್ ಸರಿಯಿಲ್ಲ ಎಂದು ಫೋನ್ ಮಾಡುವ ಮೊದಲು ಸರ್ವರಿನೊಳಗೆ ಮೂರು ಕಡೆ ನೋಡಿ. ಪ್ಯಾಕೆಟ್ ಕಾದು ಕೂರುವ ಜಾಗಕ್ಕೆ ಬಫರ್ ಎನ್ನುತ್ತಾರೆ; ಅದು ತುಂಬಿದರೆ ಮುಂದೆ ಬಂದದ್ದು ಬಿದ್ದುಹೋಗುತ್ತದೆ.

ಮೊದಲನೆಯದು ಆರ್‌ಎಕ್ಸ್ (ಸ್ವೀಕರಿಸುವ) ರಿಂಗ್. ನೆಟ್‌ವರ್ಕ್ ಕಾರ್ಡ್ ಪ್ಯಾಕೆಟನ್ನು ಡಿಎಂಎ ಮೂಲಕ, ಅಂದರೆ ಸಿಪಿಯುವನ್ನು ಬಳಸದೆ, ನೇರವಾಗಿ ರ‍್ಯಾಮಿಗೆ ಬರೆಯುತ್ತದೆ. ಎಲ್ಲಿ ಬರೆಯಬೇಕು ಎಂಬ ವಿಳಾಸಗಳ ಸಾಲೇ ಈ ರಿಂಗ್. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಖಾಲಿ ಬಫರ್ ಇಟ್ಟುಕೊಡುವುದು ತಡವಾದರೆ ಪ್ಯಾಕೆಟ್ ಅಲ್ಲೇ ಹೋಯಿತು. ಇಥ್‌ಟೂಲ್ ಕಮಾಂಡಿಗೆ ದೊಡ್ಡ ಎಸ್ (-S) ಕೊಟ್ಟು ‘ಮಿಸ್ಡ್’, ‘ನೋ ಬಫರ್’ ಲೆಕ್ಕ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಸಣ್ಣ ಜಿ ಕೊಟ್ಟರೆ ಈಗಿನ ಅಳತೆ ಸಿಗುತ್ತದೆ, ದೊಡ್ಡ ಜಿ ಕೊಟ್ಟು ಬದಲಾಯಿಸಬಹುದು. ಇಂಟೆಲ್‌ನ ಐಜಿಬಿ ಡ್ರೈವರಿನಲ್ಲಿ ಮೊದಲಿಗೆ 256 ಇರುತ್ತದೆ, 4096ರವರೆಗೆ ಹೋಗುತ್ತದೆ; 1024 ಮಾಡಿ ನೋಡಿ. ಬದಲಾಯಿಸುವಾಗ ಅನೇಕ ಡ್ರೈವರ್‌ಗಳು ಲಿಂಕನ್ನೇ ಕೆಡವಿ ಎಬ್ಬಿಸುತ್ತವೆ, ಹಾಗಾಗಿ ಕಚೇರಿ ಸಮಯದಲ್ಲಿ ಬೇಡ.

ಎರಡನೆಯದು ಪ್ರಾಕ್ ಕೆಳಗೆ ನೆಟ್ ಫೋಲ್ಡರಿನಲ್ಲಿರುವ ಸಾಫ್ಟ್‌ನೆಟ್ ಸ್ಟ್ಯಾಟ್ ಫೈಲ್ (/proc/net/softnet_stat). ಬಂದ ಪ್ಯಾಕೆಟ್‌ಗಳನ್ನು ಕರ್ನಲ್ (ಲಿನಕ್ಸಿನ ತಿರುಳು) ಸಂಸ್ಕರಿಸಿದ ಲೆಕ್ಕ ಇದರಲ್ಲಿದೆ. ಸಿಪಿಯುಗೆ ಒಂದು ಸಾಲು, ಅಂಕಿಗಳು ಹೆಕ್ಸಿನಲ್ಲಿ (16ರ ಆಧಾರದಲ್ಲಿ). ಎರಡನೇ ಕಾಲಮ್ ಬೀಳಿಸಿದ ಪ್ಯಾಕೆಟ್‌ಗಳದ್ದು. ಮೂರನೆಯದು ಕೆಲಸ ಬಾಕಿ ಇರುವಾಗಲೇ ಒಂದು ಸುತ್ತಿನ ಬಜೆಟ್ (ಸಾಮಾನ್ಯವಾಗಿ 300 ಪ್ಯಾಕೆಟ್) ಅಥವಾ ಸಮಯ ಮುಗಿದ ಲೆಕ್ಕ. ಅದು ನಷ್ಟವಲ್ಲ, ಸ್ವಲ್ಪ ಏರಿದರೆ ಗಾಬರಿ ಬೇಡ.

ಯುಡಿಪಿ ಲಾಗಿನ ವಿಷಯದಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಮೂರನೆಯ ಕಡೆ, ಸಾಕೆಟ್ ಬಫರ್: ಲಾಗ್ ಬರೆಯುವ ಪ್ರೋಗ್ರಾಂ ಓದುವವರೆಗೆ ಪ್ಯಾಕೆಟ್ ಕಾಯುವ ಜಾಗ. ನೆಟ್‌ಸ್ಟ್ಯಾಟ್ ಕಮಾಂಡಿಗೆ ಸಣ್ಣ ಎಸ್, ಯು (-su) ಕೊಟ್ಟರೆ ‘ರಿಸೀವ್ ಬಫರ್ ಎರರ್ಸ್’ ಕಾಣುತ್ತದೆ. ಹತ್ತು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಒಟ್ಟು ಅಂಕಿಗಿಂತ ಏರಿಕೆ ಮುಖ್ಯ.

ಇಲ್ಲಿ ಎಲ್ಲರೂ ಎಡವುವುದು ಲೆಕ್ಕದಲ್ಲಿ. ಈ ಬಫರಿಗೆ ಬಹುಕಾಲ ನಡೆದು ಬಂದ ಡಿಫಾಲ್ಟ್ 2,12,992 ಬೈಟ್. 100 ಬೈಟಿನ ಲಾಗ್ ಸಾಲು ಎರಡು ಸಾವಿರ ಹಿಡಿಯುತ್ತದೆ ಎನಿಸುತ್ತದೆ. ಹಿಡಿಯುವುದಿಲ್ಲ. ಕರ್ನಲ್ ಎಣಿಸುವುದು ಪ್ಯಾಕೆಟಿನ ಉದ್ದವನ್ನಲ್ಲ, ಅದು ಆಕ್ರಮಿಸಿದ ಜಾಗವನ್ನು. ಮಲ್ಪೆ ಬಂದರಿನಲ್ಲಿ ಒಂದೇ ಬಂಗುಡೆ ಹಾಕಿದ ಕ್ರೇಟೂ ಟೆಂಪೋದಲ್ಲಿ ಪೂರ್ತಿ ಕ್ರೇಟಿನ ಜಾಗ ಹಿಡಿಯುತ್ತದಲ್ಲ, ಹಾಗೆ. ಆ ಡಿಫಾಲ್ಟ್ ಬಂದದ್ದೂ ಹೀಗೇ: 256 ಬೈಟ್ ಡೇಟಾ, ಅದರ ಜೊತೆ ಪ್ರತಿ ಪ್ಯಾಕೆಟಿಗೂ ಕರ್ನಲ್ ಇಟ್ಟುಕೊಳ್ಳುವ ಎರಡು ವಿವರಪಟ್ಟಿಗಳಾದ ಎಸ್‌ಕೆಬಫ್‌ಗೆ 256, ಶೇರ್ಡ್ ಇನ್ಫೋಗೆ 320, ಒಟ್ಟು 832, ಅಂಥ 256 ಪ್ಯಾಕೆಟ್. ನಿಮ್ಮ ಡ್ರೈವರ್ ಪ್ರತಿ ಪ್ಯಾಕೆಟಿಗೂ 2048 ಬೈಟಿನ ತುಂಡು ಕೊಟ್ಟು ಶೇರ್ಡ್ ಇನ್ಫೋವನ್ನೂ ಅದರೊಳಗೇ ಇಟ್ಟರೆ, ಎಸ್‌ಕೆಬಫ್‌ನ 256 ಸೇರಿ ಒಂದೊಂದೂ 2304 ಎಂದು ಎಣಿಕೆ, ಹಿಡಿಯುವುದು ಸುಮಾರು 92 ಮಾತ್ರ.

ಈಗ ಬೇಕಾದಷ್ಟು ಲೆಕ್ಕ ಹಾಕಿ. ಸೆಕೆಂಡಿಗೆ 5000 ಪ್ಯಾಕೆಟ್, ಡಿಸ್ಕಿಗೆ ಬರೆಯುತ್ತ ಪ್ರೋಗ್ರಾಂ 200 ಮಿಲಿಸೆಕೆಂಡ್ ನಿಂತರೆ ಕಾದು ಕೂರುವುದು 1000. ಅಂದರೆ 23 ಲಕ್ಷ ಬೈಟ್. ಪ್ರೋಗ್ರಾಂ ಎಷ್ಟು ಕೇಳುತ್ತದೋ ಅದರ ಎರಡರಷ್ಟನ್ನು ಕರ್ನಲ್ ಕೊಡುತ್ತದೆ. ಹಾಗಾಗಿ 20 ಲಕ್ಷ ಬೈಟ್ ಕೇಳಿದರೆ ಸಾಕು. ಆದರೆ ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್ಕಂಟ್ರೋಲಿನಲ್ಲಿ (sysctl) ಆರ್‌ಮೆಮ್ ಮ್ಯಾಕ್ಸ್ (net.core.rmem_max, ಕೇಳಬಹುದಾದ ಗರಿಷ್ಠ ಮಿತಿ) ಅದಕ್ಕಿಂತ ಕಡಿಮೆಯಿದ್ದರೆ ಮೊದಲು ಏರಿಸಬೇಕು. ಇಲ್ಲವಾದರೆ ಕೇಳಿದ್ದನ್ನು ಕರ್ನಲ್ ಸದ್ದಿಲ್ಲದೆ ಕತ್ತರಿಸುತ್ತದೆ, ಎರರ್ ಕೂಡ ಬರುವುದಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿ. ಮಾಡದಿದ್ದರೆ ಹಳೆಯ ಸಾಕೆಟ್ ಹಳೆಯ ಅಳತೆಯಲ್ಲೇ ಉಳಿಯುತ್ತದೆ. ಆಮೇಲೆ ಎಸ್‌ಎಸ್ ಕಮಾಂಡಿನ (ss) ಮೆಮರಿ ಸಾಲಿನಲ್ಲಿ ಆರ್‌ಬಿ (rb, ಬಫರಿನ ಅಳತೆ) ಎಷ್ಟಿದೆ ನೋಡಿ. ಅದೇ ಸಾಲಿನಲ್ಲಿ ಡಿ (d) ಮುಂದಿನ ಅಂಕಿ ಆ ಸಾಕೆಟ್ ಕಳೆದುಕೊಂಡ ಪ್ಯಾಕೆಟ್‌ಗಳದ್ದು.

ಡಿ ಆಮೇಲೂ ಏರುತ್ತಲೇ ಇದ್ದರೆ ಬಫರಿಗೆ ಇನ್ನಷ್ಟು ಸುರಿಯುವುದು ದಂಡ. ಬರುವ ವೇಗಕ್ಕೆ ಓದುವ ವೇಗ ಸಾಲುತ್ತಿಲ್ಲ: ಓದುವ ಥ್ರೆಡ್ಡನ್ನು ಡಿಸ್ಕಿಗೆ ಬರೆಯುವ ಥ್ರೆಡ್ಡಿನಿಂದ ಬೇರೆ ಮಾಡಿ.