ಬಯಲಲ್ಲಿ ಕುಳಿತು ಜಲವರ್ಣ: ಮೊದಲು ಹಾಳೆಯ ಮೇಲಿನ ನೀರು ನೋಡಿ

ಭಾನುವಾರ ಬೆಳಿಗ್ಗೆ ಐದಾರು ಜನ ಸೇರಿ ಸ್ಕೆಚಿಂಗ್‌ಗೆ ಹೋಗುವ ರೂಢಿ ನಮ್ಮದು. ಒಮ್ಮೆ ಉಣಕಲ್ ಕೆರೆ, ಒಮ್ಮೆ ಅಣ್ಣಿಗೇರಿ, ಒಮ್ಮೆ ಲಕ್ಕುಂಡಿ. ಪ್ರತಿ ಸಲ ಒಬ್ಬಿಬ್ಬರು ಹೊಸಬರು ಬಂದಿರುತ್ತಾರೆ. ಅವರ ಪೆನ್ಸಿಲ್ ಗೆರೆ ಚೆನ್ನಾಗಿಯೇ ಇರುತ್ತದೆ. ಬಣ್ಣಕ್ಕೆ ಕೈ ಹಾಕಿದ ಹತ್ತು ನಿಮಿಷದಲ್ಲಿ ಆಕಾಶ ಕೆಡುತ್ತದೆ. ಸರಿ ಮಾಡಲು ಹೋದರೆ ಇನ್ನೂ ಕೆಡುತ್ತದೆ. ಕಡೆಗೆ ಹಾಳೆ ಮಡಚಿ ಬ್ಯಾಗಿಗೆ ತುರುಕಿ, ‘ನನಗ ಕಲರ್ ಬರೂದಿಲ್ರಿ’ ಅನ್ನುತ್ತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರಿಗೆ ಕಲರ್ ಬರುತ್ತದೆ. ನಮ್ಮ ಕಡೆಯ ಗಾಳಿ ಹಾಳೆಯ ಮೇಲಿನ ನೀರನ್ನು ಎಷ್ಟು ಬೇಗ ಕುಡಿದುಬಿಡುತ್ತದೆ ಅನ್ನುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಮೊಬೈಲಿನಲ್ಲಿ ನೋಡುವ ಪಾಠಗಳು ಬಹುಪಾಲು ಕೋಣೆಯೊಳಗೆ ಇಲ್ಲವೇ ತಂಪು ಹವೆಯಲ್ಲಿ ಮಾಡಿದವು. ಮಾರ್ಚ್ ತಿಂಗಳ ಗದಗ ಜಿಲ್ಲೆಯ ಬಯಲಿಗೆ ಆ ಲೆಕ್ಕ ಹೊಂದುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚೀಲದಲ್ಲಿ ಏನಿರಬೇಕು?

ಹಾಳೆಗೆ ದುಡ್ಡು ಹಾಕಿ. ಬಣ್ಣಕ್ಕೆ, ಬ್ರಶ್‌ಗೆ ಆಮೇಲೆ. ಹಾಳೆ ಶೇ 100 ಕಾಟನ್ ಇರಬೇಕು, 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಗ್ರಾಂನಲ್ಲಿ) ದಪ್ಪ ಇರಬೇಕು. ಹತ್ತಿಯ ಹಾಳೆ ನೀರನ್ನು ಒಳಗೆಳೆದು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನಕ್ಕೆ ಬಿಡುತ್ತದೆ. ಮರದ ತಿರುಳಿನ ಹಾಳೆ ಬೇಗ ಒಣಗುತ್ತದೆ, ಅದೂ ಅಲ್ಲಲ್ಲಿ. ಒಮ್ಮೆ ಅವಸರದಲ್ಲಿ ಅಂಗಡಿಯೊಂದರಲ್ಲಿ ‘ವಾಟರ್ ಕಲರ್ ಬುಕ್’ ಅಂತ ಬರೆದಿದ್ದ ಪುಸ್ತಕ ಕೊಂಡೆ. ಎರಡನೇ ಸಲ ಬ್ರಶ್ ಆಡಿಸಿದ ಕೂಡಲೇ ಹಾಳೆಯ ಮೇಲ್ಪದರ ಉಂಡೆ ಉಂಡೆಯಾಗಿ ಎದ್ದು ಬಂತು. ಹೆಸರು ನಂಬಬೇಡಿ, ಹಿಂದಿನ ರಟ್ಟಿನ ಮೇಲೆ ‘ಕಾಟನ್’ ಅಂತ ಇದೆಯಾ ನೋಡಿ. ಪುಸ್ತಕ ದುಬಾರಿ ಅನ್ನಿಸಿದರೆ 22×30 ಇಂಚಿನ ಬಿಡಿ ಹಾಳೆ ಕೊಂಡು ಎಂಟು ತುಂಡು ಮಾಡಿ. ಒಂದೊಂದು 11×7.5 ಇಂಚು ಆಗುತ್ತದೆ. ಪ್ರಯಾಣಕ್ಕೆ ಅದಕ್ಕಿಂತ ದೊಡ್ಡದು ಬೇಡವೇ ಬೇಡ.

ಬಣ್ಣ ಐದು ಸಾಕು. ಅಲ್ಟ್ರಾಮರೀನ್ ಬ್ಲೂ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಬೆರೆತ ಕಂದು), ಲೆಮನ್ ಯೆಲ್ಲೋ, ಕ್ವಿನಾಕ್ರಿಡೋನ್ ರೋಸ್ (ಗುಲಾಬಿ). ಟ್ಯೂಬಿನಿಂದ ಪ್ಯಾಲೆಟ್ಟಿಗೆ ಹಿಂಡಿ ಎರಡು ರಾತ್ರಿ ಒಣಗಲು ಬಿಟ್ಟರೆ ಬಸ್ಸಿನಲ್ಲಿ ಸೋರುವುದಿಲ್ಲ. 36 ಬಣ್ಣದ ಅಗ್ಗದ ಬಿಲ್ಲೆ ಡಬ್ಬಿ ತರಬೇಡಿ. ಅದರಲ್ಲಿ ಸುಣ್ಣದಂಥ ಬಿಳಿ ಪುಡಿಯೇ ಜಾಸ್ತಿ. ಒಣಗಿದ ಮೇಲೆ ಚಿತ್ರಕ್ಕೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಟ್ಯೂಬಿನ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ವರ್ಣದ್ರವ್ಯದ ಗುರುತು ಇರುತ್ತದೆ, ಅದನ್ನು ಓದುವ ರೂಢಿ ಮಾಡಿಕೊಳ್ಳಿ. ಪಿಆರ್ 83 (ಪಿಗ್ಮೆಂಟ್ ರೆಡ್ 83) ಅಂತಿದ್ದರೆ ಅದು ಹಳೆಯ ಅಲಿಜರಿನ್ ಕೆಂಪು. ಬೆಳಕಿಗೆ ಮಾಸುತ್ತದೆ. ಗೋಡೆಗೆ ಹಾಕಿದ ಚಿತ್ರದ ಕೆಂಪು ಕಣ್ಣೆದುರೇ ಹೋಗಿಬಿಡುತ್ತದೆ.

ಕಪ್ಪು ಬಣ್ಣ ಮನೆಯಲ್ಲೇ ಬಿಡಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಕಲಸಿದರೆ ಎಂಥ ಕಪ್ಪು ಬೇಕಾದರೂ ಬರುತ್ತದೆ. ನೀಲಿ ಹೆಚ್ಚಾದರೆ ತಂಪು, ಕಂದು ಹೆಚ್ಚಾದರೆ ಬಿಸಿ. ನಮ್ಮ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಈ ಮಿಶ್ರಣವೇ ಆಗಬೇಕು.

ಇನ್ನುಳಿದದ್ದು 12ನೇ ನಂಬರಿನ ದುಂಡು ಬ್ರಶ್, 6ನೇ ನಂಬರಿನದು ಒಂದು, ಎರಡು ನೀರಿನ ಬಾಟಲಿ, ಕ್ಲಿಪ್ಪು, ಹಳೆಯ ಬನಿಯನ್ ಬಟ್ಟೆ, ಪ್ಲಾಸ್ಟಿಕ್ ಹಾಳೆ ಸುತ್ತಿದ ಪ್ಲೈವುಡ್ ತುಂಡು.

ಎಲ್ಲಿ ಕೂರಬೇಕು?

ನೆರಳಲ್ಲಿ. ಬಿಳಿ ಹಾಳೆಯ ಮೇಲೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ. ಆಗ ಬಣ್ಣ ತೆಳುವಾಗಿ ಕಂಡು ಸುಮ್ನೆ ಗಾಢ ಮಾಡುತ್ತ ಹೋಗುತ್ತೀರಿ. ಮನೆಗೆ ಬಂದು ನೋಡಿದರೆ ಇಡೀ ಚಿತ್ರ ಕಪ್ಪಿಟ್ಟಿರುತ್ತದೆ. ಬೇವಿನ ಗಿಡದ ನೆರಳು ಕೂರಲು ಹಿತ, ಚಿತ್ರಕ್ಕೆ ಕಷ್ಟ. ಎಲೆ ಉದುರುವ ಕಾಲದಲ್ಲಂತೂ ಹಾಳೆಯ ತುಂಬ ಬಿಸಿಲಿನ ಚುಕ್ಕೆ ಕುಣಿಯುತ್ತವೆ. ಗೋಡೆಯ ನೆರಳು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಗಾಳಿ ಬೆನ್ನಿಗೆ ಬರುವಂತೆ ಕುಳಿತರೆ ನಿಮ್ಮ ಮೈಯೇ ಹಾಳೆಗೆ ಮರೆ. ಗದಗದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲುಸಾಲಾಗಿ ನಿಂತಿರುವುದು ಸುಮ್ನೆ ಅಲ್ಲ, ಅಲ್ವಾ?

ಪೆನ್ಸಿಲ್ ಹಿಡಿಯುವ ಮೊದಲು ಕಣ್ಣು ಕಿರಿದು ಮಾಡಿ ನೋಡಿ. ವಿವರ ಮಾಯವಾಗಿ ಬೆಳಕು, ನಡುಛಾಯೆ, ಕತ್ತಲು ಮೂರೇ ಉಳಿಯುತ್ತವೆ. ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಆ ಮೂರನ್ನು ಗೀಚಿಕೊಳ್ಳಿ. ಆಮೇಲೆ ಹಾಳೆಯ ಮೇಲೆ ದೊಡ್ಡ ಆಕಾರಗಳ ಗೆರೆ ಹಾಕಿ. ನೆರಳು ಎಲ್ಲಿದೆ ಅನ್ನುವುದನ್ನು ಈಗಲೇ ಗುರುತು ಮಾಡಿ, ಮೂಲೆಯಲ್ಲಿ ಗಂಟೆ ಬರೆದಿಡಿ. ಸೂರ್ಯ ತಾಸಿಗೆ 15 ಡಿಗ್ರಿ ಸರಿಯುತ್ತಾನೆ. ಒಂಬತ್ತಕ್ಕೆ ಕಂಡ ನೆರಳು ಹತ್ತಕ್ಕೆ ಅಲ್ಲಿರುವುದಿಲ್ಲ. ಅದನ್ನು ಬೆನ್ನಟ್ಟಬೇಡಿ, ಗುರುತು ಮಾಡಿದ್ದನ್ನೇ ನಂಬಿ.

ಮೊದಲ ವಾಶ್: ಎಲ್ಲರೂ ಎಡವುವುದು ಇಲ್ಲೇ

ವಾಶ್ ಅಂದರೆ ನೀರು ಹೆಚ್ಚಿರುವ ತೆಳು ಬಣ್ಣವನ್ನು ದೊಡ್ಡ ಜಾಗಕ್ಕೆ ಒಂದೇ ಸಮನೆ ಬಳಿಯುವುದು. ಹೊಸ ಜಾಗಕ್ಕೆ ಹೋದ ಕೂಡಲೇ ನಾನು ಮಾಡುವ ಕೆಲಸ ಒಂದಿದೆ. ಅದೇ ಹಾಳೆಯ ಒಂದು ಚೂರಿಗೆ ನೀಲಿ ಬಳಿದು ಎಣಿಸುತ್ತ ಕೂರುತ್ತೇನೆ. ಹೊಳಪು ಹೋಗಲು ಎಷ್ಟು ಹೊತ್ತು ಬೇಕು? ಮಾರ್ಚ್‌ನಲ್ಲಿ ಹತ್ತು ಗಂಟೆಯ ಹೊತ್ತಿಗೆ ಲಕ್ಕುಂಡಿಯಲ್ಲಿ ನೂರು ಎಣಿಸುವುದರೊಳಗೆ ಹೊಳಪು ಹೋಗಿದ್ದನ್ನು ನೋಡಿದ್ದೇನೆ. ಜುಲೈನಲ್ಲಿ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ, ಜಿಟಿಜಿಟಿ ಮಳೆಯ ನಡುವೆ, ಅರ್ಧ ತಾಸು ಕಾದರೂ ಹಾಳೆ ಒಣಗಿರಲಿಲ್ಲ. ಎರಡೂ ಊರಿನ ನಡುವೆ ಇರುವುದು ನೂರು ಕಿಲೋಮೀಟರಿಗಿಂತ ಕಡಿಮೆ. ಧಾರವಾಡ ಮಲೆನಾಡಿನ ಸೆರಗು, ಗದಗ ಬಯಲುಸೀಮೆ. ಹಾಳೆ, ಬಣ್ಣ, ಕೈ ಮೂರೂ ಅವೇ ಇದ್ದರೂ ಕೆಲಸ ಬೇರೆ. ಈ ಎಣಿಕೆ ಎರಡು ನಿಮಿಷದ್ದು. ದಯವಿಟ್ಟು ಬಿಡಬೇಡಿ.

ಈಗ ನೀರಿನ ನಾಲ್ಕು ಹಂತ. ಹಾಳೆಯನ್ನು ನೇರ ಮೇಲಿನಿಂದ ನೋಡಿದರೆ ಇವು ತಿಳಿಯುವುದಿಲ್ಲ. ತಲೆ ಬಗ್ಗಿಸಿ, ಬೆಳಕಿಗೆ ಓರೆಯಾಗಿ ನೋಡಬೇಕು.

ಮೊದಲು ನೀರು ನಿಂತಿರುತ್ತದೆ. ಕನ್ನಡಿಯಂತೆ ಹೊಳೆಯುತ್ತದೆ, ಹಲಗೆ ಓರೆ ಮಾಡಿದರೆ ಹರಿಯುತ್ತದೆ. ಆಗ ಹಾಕಿದ ಬಣ್ಣ ಎಲ್ಲೆಂದರಲ್ಲಿ ಹೋಗುತ್ತದೆ.

ಆಮೇಲೆ ನೀರು ಒಳಗಿಳಿದು ಬರೀ ಹೊಳಪು ಉಳಿಯುತ್ತದೆ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಇರುತ್ತದಲ್ಲ, ಅಂಥ ಹೊಳಪು. ಇದೇ ಚಿನ್ನದಂಥ ಹೊತ್ತು. ಈಗ ಇಟ್ಟ ಬಣ್ಣ ಇಟ್ಟಲ್ಲೇ ಇದ್ದು ಅಂಚು ಮಾತ್ರ ಮೆತ್ತಗೆ ಹರಡುತ್ತದೆ. ಮೋಡದ ಹೊಟ್ಟೆ, ದೂರದ ಗಿಡಗಳ ಸಾಲು, ಗುಡ್ಡದ ಬುಡ ಎಲ್ಲ ಈಗಲೇ ಆಗಬೇಕು. ಮೈಸೂರಿನ ಕಲಾವಿದ ಕೆ. ವೆಂಕಟಪ್ಪ ಅವರ ಊಟಿಯ ಜಲವರ್ಣಗಳನ್ನು ನೋಡಿದವರಿಗೆ ಗುಡ್ಡದ ಅಂಚು ಮಂಜಿನಲ್ಲಿ ಕರಗುವ ಚೆಂದ ಗೊತ್ತಿರುತ್ತದೆ. ಬೆಳಗಿನ ಜಾವದ ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಅಂಥ ಅಂಚು ಬೇಕೆಂದರೆ ಈ ಹೊತ್ತನ್ನು ಹಿಡಿಯಲೇಬೇಕು. ಒಂದೇ ನಿಯಮ: ಹಾಳೆಯ ಮೇಲಿರುವುದಕ್ಕಿಂತ ಬ್ರಶ್ಶಿನಲ್ಲಿರುವ ಬಣ್ಣ ಗಟ್ಟಿಯಾಗಿರಬೇಕು. ಬ್ರಶ್ಶನ್ನು ಬಟ್ಟೆಗೆ ಒಮ್ಮೆ ಒತ್ತಿ ನೀರು ತೆಗೆದು, ಆಮೇಲೆ ಬಣ್ಣ ಎತ್ತಿಕೊಳ್ಳಿ.

ಮೂರನೆಯದು ಮೋಸದ ಹಂತ. ಹೊಳಪು ಹೋಗಿರುತ್ತದೆ, ನೋಡಲು ಒಣಗಿದ ಹಾಗೇ ಇರುತ್ತದೆ. ಒಳಗೆ ಹಸಿಬಿಸಿ. ಹೊಸಬರು ಆಕಾಶದಲ್ಲೊಂದು ಕಲೆ ಕಂಡು ‘ಸ್ವಲ್ಪ ಸರಿ ಮಾಡ್ತೀನಿ’ ಅಂತ ಒದ್ದೆ ಬ್ರಶ್ ಇಡುವುದು ಇದೇ ಹೊತ್ತಿನಲ್ಲಿ. ಬ್ರಶ್ಶಿನ ನೀರು ಅರೆ ಒಣಗಿದ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಅಂಚಿನಲ್ಲಿ ಅವನ್ನೆಲ್ಲ ರಾಶಿ ಹಾಕುತ್ತದೆ. ಹೂಕೋಸಿನ ಹಾಗೆ ಒಂದು ಕಲೆ ಅರಳುತ್ತದೆ. ಅದನ್ನು ಒರೆಸಲು ಹೋದರೆ ಪಕ್ಕದಲ್ಲಿ ಇನ್ನೊಂದು.

ಆ ಹೊತ್ತಿನಲ್ಲಿ ಬ್ರಶ್ ಕೆಳಗಿಡಿ. ನೀರು ಕುಡಿಯಿರಿ. ಎದ್ದು ಗುಡಿಗೆ ಒಂದು ಸುತ್ತು ಹಾಕಿ ಬನ್ನಿ. ಒಣಗಿತೋ ಇಲ್ಲವೋ ತಿಳಿಯಲು ಬೆರಳಿನ ಬೆನ್ನಿನಿಂದ ಹಾಳೆಯನ್ನು ಮುಟ್ಟಿ. ತಣ್ಣಗಿದ್ದರೆ ಇನ್ನೂ ನೀರಿದೆ. ತಂಪು ಹೋಗಿದ್ದರೆ ಅದು ನಾಲ್ಕನೇ ಹಂತ, ಪೂರ್ತಿ ಒಣ. ಈಗ ಮುಂದಿನ ಬಣ್ಣ ಹಾಕಬಹುದು. ಕಲೆ ಬಿದ್ದೇಬಿಟ್ಟಿದ್ದರೆ ಹಾಗೇ ಬಿಡಿ. ಒಣಗಿದ ಮೇಲೆ ಅಲ್ಲೊಂದು ಗಿಡದ ತಲೆ ಬಂದರೂ ಬರಬಹುದು.

ಇನ್ನು ವಾಶ್ ಎಳೆಯುವ ರೀತಿ. ಬಣ್ಣವನ್ನು ಬೇಕೆನಿಸಿದ್ದಕ್ಕಿಂತ ಎರಡು ಪಟ್ಟು ಕಲಸಿಡಿ. ಆಕಾಶದ ನಡುವೆ ಬಣ್ಣ ಮುಗಿದು ಮತ್ತೆ ಕಲಸುವುದರೊಳಗೆ ಅಂಚು ಒಣಗಿ ಗೆರೆ ಬೀಳುತ್ತದೆ. ಹಲಗೆಯ ಮೇಲ್ತುದಿಗೆ ಚಪ್ಪಲಿಯೋ ಕಲ್ಲೋ ಕೊಟ್ಟು ಸ್ವಲ್ಪ ಓರೆ ಮಾಡಿ. ದೊಡ್ಡ ಬ್ರಶ್ ತುಂಬಿಕೊಂಡು ಎಡದಿಂದ ಬಲಕ್ಕೆ ಒಂದು ಪಟ್ಟಿ ಎಳೆಯಿರಿ. ಪಟ್ಟಿಯ ಕೆಳಅಂಚಿನಲ್ಲಿ ಬಣ್ಣದ ನೀರು ಹನಿಗಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ನೀರು ಕಡಿಮೆ ಅಂತ ಅರ್ಥ. ಮುಂದಿನ ಪಟ್ಟಿ ಆ ಹನಿಯನ್ನು ಮುಟ್ಟಿಕೊಂಡೇ ಹೋಗಬೇಕು. ಹೀಗೆ ಕೆಳಗಿನವರೆಗೆ ಹನಿಯನ್ನು ಇಳಿಸಿಕೊಂಡು ಬಂದು, ಕಡೆಯಲ್ಲಿ ಹಿಂಡಿದ ಬ್ರಶ್ಶಿನ ತುದಿಯಿಂದ ಅದನ್ನು ಹೀರಿಕೊಳ್ಳಿ. ಹೀರದೆ ಬಿಟ್ಟರೆ ಅದೇ ಹನಿ ಹಿಂದಕ್ಕೆ ಹರಿದು ಹೂಕೋಸು ಅರಳಿಸುತ್ತದೆ. ಹಿಂದಕ್ಕೆ ಹೋಗಿ ತಿದ್ದುವುದು ಮಾತ್ರ ಬೇಡ.

ಬೇಸಿಗೆಯಲ್ಲಿ ಇಷ್ಟೂ ಸಾಲುವುದಿಲ್ಲ. ಆಗ ಹಾಳೆಯ ಎರಡೂ ಬದಿ ನೀರು ಬಳಿಯಿರಿ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಬಳಿಯಿರಿ. ಪ್ಲಾಸ್ಟಿಕ್ ಸುತ್ತಿದ ಹಲಗೆಗೆ ಹಾಳೆ ಅಂಟಿಕೊಳ್ಳುತ್ತದೆ. ಮೇಲಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದರೆ ನೇರ ರೇಷ್ಮೆ ಹೊಳಪಿನ ಹಂತಕ್ಕೆ ಬರುತ್ತೀರಿ. ಅಡಿಯಲ್ಲಿರುವ ನೀರು ಮೇಲಕ್ಕೆ ಬರುತ್ತಲೇ ಇರುವುದರಿಂದ ಆ ಹೊತ್ತು ಉದ್ದವಾಗುತ್ತದೆ. ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಒಂದು ಹನಿ ಜಾಸ್ತಿಯಾದರೂ ಬಣ್ಣ ಅಂಟಂಟಾಗಿ ಉಳಿಯುತ್ತದೆ. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿ ಚುಕ್ಕೆ ತರಿಸುವ ಆಟವೂ ಬೇಡ. ಹಾಳೆಯಲ್ಲಿ ಉಳಿದ ಉಪ್ಪು ಮಳೆಗಾಲದಲ್ಲಿ ತೇವ ಎಳೆಯುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಬೆಳಿಗ್ಗೆ ಏಳಕ್ಕೆ ಅಲ್ಲಿರುವುದು.

ಎರಡನೇ ಪದರ

ಮೊದಲ ವಾಶ್ ಸರಿಯಾಗಿ ಒಣಗಿದ್ದರೆ ಉಳಿದದ್ದು ಕಷ್ಟವಿಲ್ಲ. ದೂರದ್ದು ತೆಳು, ಹತ್ತಿರದ್ದು ಗಟ್ಟಿ. ನೆರಳುಗಳನ್ನು ಒಂದೇ ಸಲಕ್ಕೆ, ಒಂದಕ್ಕೊಂದು ಕೂಡುವಂತೆ ಹಾಕಿ.

ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಮುಂದೆ ಕುಳಿತವರೆಲ್ಲ ಕೆತ್ತನೆ ಎಣಿಸಲು ಶುರು ಮಾಡುತ್ತಾರೆ. ಬಳಪದ ಕಲ್ಲು ಮೆತ್ತಗಿರುವುದರಿಂದ ಚಾಲುಕ್ಯರ ಕಾಲದ ಶಿಲ್ಪಿಗಳು ಅಷ್ಟು ಸಣ್ಣ ಕೆಲಸ ಮಾಡಿದರು. ಅದನ್ನೆಲ್ಲ 11 ಇಂಚಿನ ಹಾಳೆಗೆ ಇಳಿಸಲು ಆಗದು. ಇಡೀ ಗುಡಿಗೆ ಓಕರಿನ ತೆಳು ಪದರ ಕೊಡಿ. ಒಣಗಿದ ಮೇಲೆ ನೆರಳಿನ ಬದಿಗೆ ನೀಲಿ-ಕಂದಿನ ಬೂದು. ಆ ಕಲ್ಲಿಗೆ ಹಸಿರು ಛಾಯೆ ಇದೆ, ಚೂರು ಲೆಮನ್ ಯೆಲ್ಲೋ ಸೇರಿಸಿ. ಬಿಸಿಲೂ ನೆರಳೂ ಕೂಡುವ ಅಂಚಿನಲ್ಲಿ ಮಾತ್ರ ನಾಲ್ಕೈದು ಕೆತ್ತನೆ ತೋರಿಸಿ. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ಎರಿ ಹೊಲ ಒಣಗಿದಾಗ ಕಪ್ಪಲ್ಲ, ನೇರಳೆ ಬೆರೆತ ಬೂದು. ಮಳೆ ಬಿದ್ದ ಮೇಲೆ ಕಪ್ಪು. ಬ್ಯಾಡಗಿಯಲ್ಲಿ ಹರವಿದ ಮೆಣಸಿನಕಾಯಿಗೆ ಟ್ಯೂಬಿನ ಕೆಂಪನ್ನೇ ಹಚ್ಚಿದರೆ ಅದು ಪ್ಲಾಸ್ಟಿಕ್ ಕೊಡದ ಬಣ್ಣವಾಗುತ್ತದೆ. ಕ್ವಿನಾಕ್ರಿಡೋನ್ ರೋಸ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿ, ಸುಕ್ಕಿನ ನೆರಳಿಗೆ ಸ್ವಲ್ಪ ನೀಲಿ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಒಂದೊಂದಾಗಿ ಬರೆಯಬೇಡಿ. ಹಿಂಡಿನ ಆಕಾರ ಒಂದೇ ಹೊಡೆತದಲ್ಲಿ ಬರಲಿ, ಅಂಚಿನಲ್ಲಿ ನಾಲ್ಕು ಕತ್ತು ಸಾಕು.

ಜನ ಬರುತ್ತಾರೆ. ‘ಏನ್ ತಗಿಯಾಕತ್ತೀರಿ ಸರ?’ ಅಂತ ಹುಡುಗರು ಹೆಗಲ ಮೇಲೆಯೇ ಬರುತ್ತಾರೆ. ಅವರಿಗೊಂದು ಚೂರು ಹಾಳೆ, ಪೆನ್ಸಿಲ್ ಕೊಡಿ, ಪಕ್ಕದಲ್ಲಿ ಕೂರುತ್ತಾರೆ. ಒಮ್ಮೆ ಅಜ್ಜರೊಬ್ಬರು ಬಹಳ ಹೊತ್ತು ನಿಂತು ನೋಡಿ, ‘ತಮ್ಮಾ, ಗುಡಿ ಛಲೋ ಬಂದೈತಿ. ಬಾಜೂಕಿನ ಗಿಡ ಯಾಕ ಬಿಟ್ಟಿ?’ ಅಂದರು. ನೋಡಿದೆ. ಎಡಗಡೆ ಚಿತ್ರ ಖಾಲಿ ಹೊಡೆಯುತ್ತಿತ್ತು. ಗಿಡ ಹಾಕಿದೆ, ಚಿತ್ರ ನಿಂತಿತು. ಊರಿನವರ ಕಣ್ಣಿಗೆ ಆ ಜಾಗ ದಿನವೂ ಕಂಡಿರುತ್ತದೆ. ಅವರ ಮಾತು ಕೇಳಿ.

ಕಲಿಸುವವರು ಬೇಕು ಅನ್ನಿಸಿದರೆ ದೂರ ಹೋಗಬೇಕಿಲ್ಲ. ಡಿ.ವಿ. ಹಾಲಭಾವಿ ಅವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿ ಅವರು ಗದಗದಲ್ಲಿ ಕಲಾಶಾಲೆ ಕಟ್ಟಿ ಬೆಳೆಸಿದ ನೆಲ ಇದು. ಈ ಊರುಗಳಲ್ಲಿ ಬ್ರಶ್ ಹಿಡಿದ ಹಿರಿಯರು ಈಗಲೂ ಸಿಗುತ್ತಾರೆ. ನಿಮ್ಮ ಹಾಳೆ ಒಯ್ದು ತೋರಿಸಿ.

ಹೊರಡುವಾಗ ಬಣ್ಣದ ನೀರನ್ನು ಗುಡಿಯ ಕಟ್ಟೆಗೋ ಬಾವಿಗೋ ಚೆಲ್ಲಬೇಡಿ, ಬಾಟಲಿಯಲ್ಲೇ ತುಂಬಿಕೊಂಡು ಬನ್ನಿ. ಚಿತ್ರದ ಬೆನ್ನಿಗೆ ಊರು, ತಾರೀಖು, ಹೊಳಪು ಹೋಗಲು ಎಷ್ಟು ಎಣಿಸಿದಿರಿ ಅನ್ನುವುದನ್ನು ಬರೆಯಿರಿ. ಮುಂದಿನ ಸಲ ಅದೇ ತಿಂಗಳು ಅದೇ ಊರಿಗೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಬಸ್ಸು ಬಂತು ಅಂತ ಗಡಿಬಿಡಿಯಲ್ಲಿ ಪುಸ್ತಕ ಮುಚ್ಚಬೇಡಿ. ಬೆರಳಿನ ಬೆನ್ನಿನಿಂದ ಇನ್ನೊಮ್ಮೆ ಮುಟ್ಟಿ ನೋಡಿ. ತಣ್ಣಗಿದ್ದರೆ ತೆರೆದೇ ಹಿಡಿದುಕೊಂಡು ಹತ್ತಿ, ಹುಬ್ಬಳ್ಳಿ ಬರುವುದರೊಳಗೆ ಒಣಗಿರುತ್ತದೆ.