ಎಲೆಕ್ಟ್ರಿಕ್ ಗಿಟಾರಿಗೆ ಯಾವ ದಪ್ಪದ ತಂತಿ?

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಹತ್ತಿರ ಗಿಟಾರ್ ಕಲಿಯುವ ಹುಡುಗರು ಮೊದಲು ಕೇಳುವುದು ಇದನ್ನೇ: "ಸರ್, ನೈನ್ ಹಾಕಲಾ, ಟೆನ್ ಹಾಕಲಾ?" ಆ ಅಂಕಿ ಎಲ್ಲಕ್ಕಿಂತ ತೆಳುವಾದ ತಂತಿಯ ದಪ್ಪ. 9 ಅಂದರೆ 0.009 ಇಂಚು.

ಮೊದಲು ಗಿಟಾರಿನ ಸ್ಕೇಲ್ ನೋಡಿ. ನಟ್‌ನಿಂದ (ಗಿಟಾರಿನ ತಲೆಯ ಕಡೆ ತಂತಿ ಕೂರುವ ಸೀಳುಗಳ ಪಟ್ಟಿ) ಬ್ರಿಡ್ಜ್‌ವರೆಗಿನ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ಜಾಗ) ಉದ್ದ ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ 25.5 ಇಂಚು, ಲೆಸ್ ಪಾಲ್ ಮಾದರಿಯಲ್ಲಿ ಸುಮಾರು 24.75. ಉದ್ದ ಜಾಸ್ತಿಯಾದಷ್ಟೂ ಅದೇ ಶ್ರುತಿಗೆ ತಂತಿ ಬಿಗಿ. ಅದಕ್ಕೇ ಸ್ಟ್ರಾಟ್‌ಗೆ 9-42 (ಎಲ್ಲಕ್ಕಿಂತ ತೆಳು ತಂತಿ 9, ಎಲ್ಲಕ್ಕಿಂತ ದಪ್ಪದ್ದು 42), ಲೆಸ್ ಪಾಲ್‌ಗೆ 10-46 ಹಾಕಿ ಶುರು ಮಾಡಿ ಅನ್ನುತ್ತೇನೆ. ತಂತಿ ಎಳೆದು ಬೆಂಡ್ ಮಾಡುವ ಆಸೆ ಇದ್ದರೆ ತೆಳುವೇ ಸರಿ. ಡ್ರಾಪ್ ಡಿಗೆ (ಎಲ್ಲಕ್ಕಿಂತ ದಪ್ಪ ತಂತಿಯನ್ನು E ಶ್ರುತಿಯಿಂದ Dಗೆ ಇಳಿಸುವುದು) ಅಥವಾ ಇನ್ನೂ ಕೆಳಗೆ ಇಳಿಸಿ ಹೆವಿ ಮೆಟಲ್ ನುಡಿಸುವವರು 10, 11ರ ಕಡೆ ಹೋಗಿ. ಇಲ್ಲದಿದ್ದರೆ ತಂತಿ ಸಡಿಲಾಗಿ ಫ್ರೆಟ್‌ಗೆ (ಬೆರಳಿಡುವ ಕಡೆಯ ಲೋಹದ ಅಡ್ಡಪಟ್ಟಿ) ಬಡಿಯುತ್ತದೆ.

ದಪ್ಪ ತಂತಿಗೆ ಮಾತ್ರ ಒಳ್ಳೆ ಟೋನ್ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ರಾಕ್ ಬ್ಯಾಂಡ್ ಝಡ್‌ಝಡ್ ಟಾಪ್‌ನ ಬಿಲ್ಲಿ ಗಿಬ್ಬನ್ಸ್ 7ರ ತಂತಿಯಲ್ಲೇ ಅಷ್ಟು ತುಂಬಿದ ನಾದ ತೆಗೆಯುತ್ತಾರೆ, ಅಲ್ವಾ? ಬೆರಳು ನೋಯಿಸಿಕೊಂಡು ಸುಮ್ನೆ ಹಟ ಮಾಡಬೇಡಿ.

ಗೇಜ್, ಅಂದರೆ ತಂತಿಯ ದಪ್ಪ, ಬದಲಿಸಿದಾಗ ನೆಕ್ ಮೇಲಿನ ಎಳೆತ ಬದಲಾಗುತ್ತದೆ. ನೆಕ್‌ನ ಬಾಗು ಸರಿಪಡಿಸಲು ಅದರೊಳಗಿರುವ ಸರಳು, ಟ್ರಸ್ ರಾಡ್ ಅನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ ನೋಡಿ. ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಯಿದೆಯೇ ಎಂದು) ಪರೀಕ್ಷಿಸಿ. ದಪ್ಪ ತಂತಿ ನಟ್‌ನ ಸೀಳಿನಲ್ಲಿ ಸಿಕ್ಕಿಕೊಂಡರೆ, ಅರ ಹಿಡಿದು ಉಜ್ಜುವ ಕೆಲಸ ತಿಳಿದವರಿಗೇ ಕೊಡಿ.